ದಾನಿಯೇಲಪ್ಪನವರ ಪ್ರಾರ್ಥನೆಯಲ್ಲಿ ರಂಜಿನಿ

ಖಡಕಿಯ ಕನ್ನಡ ಸಭೆಯಲ್ಲಿ ದಾನಿಯೇಲಪ್ಪನವರು ಪ್ರಾರ್ಥನೆಗೆ ಎದ್ದು ನಿಂತರೆ ಮುಂದೆ ಯಾರ ಸರದಿ ಎಂಬುದು ಎಲ್ಲರಿಗೂ ಬಾಯಿಪಾಠವಾಗಿತ್ತು. ಮೊದಲು ಕಾಯಿಲೆಯವರು, ಆಮೇಲೆ ಪ್ರಯಾಣದಲ್ಲಿರುವವರು, ಪರೀಕ್ಷೆ ಬರೆಯುವ ಮಕ್ಕಳು, ಕೆಲಸ ಹುಡುಕುತ್ತಿರುವ ತರುಣರು. ಅವರ ಹಿಂದೆ ವಿಧವೆಯರು. ಕೊನೆಗೆ ದೇಶ ಆಳುವವರು, ಆಮೆನ್. ಅವರು ಸಭೆಯ ಹಿರಿಯರಾದ ದಿನದಿಂದ ಈ ಕ್ರಮ ತಪ್ಪಿರಲಿಲ್ಲ.

ವಿಧವೆಯರು ಎಂದು ಬಹುವಚನದಲ್ಲಿ ಕರೆದರೂ ಆ ಸಾಲಿನಲ್ಲಿ ಇದ್ದವಳು ರಂಜಿನಿ ಒಬ್ಬಳೇ. "ನಮ್ಮ ರೋಹಿತನ ಹೆಂಡತಿ, ಎಳೇ ವಯಸ್ಸಿನ ವಿಧವೆ ರಂಜಿನಿಯ ಕಣ್ಣೀರು ನೀನ ಒರಸು ತಂದೇ" ಎನ್ನುವಾಗ ಅವರ ದನಿ ಒಂದು ಮೆಟ್ಟಿಲು ಕೆಳಗಿಳಿಯುತ್ತಿತ್ತು. ಮುಂದಿನ ಬೆಂಚಿನವರು ಮುಚ್ಚಿದ ಕಣ್ಣನ್ನು ಅರ್ಧ ತೆರೆದು, ಕಣ್ಣೀರು ಬಂದಿದೆಯೇ ಎಂದು ಹಿಂದಿರುಗಿ ನೋಡುತ್ತಿದ್ದರು. ಬಂದಿರುತ್ತಿರಲಿಲ್ಲ. ಇಷ್ಟು ಜನರನ್ನು ಬರಿಗೈಯಲ್ಲಿ ಕಳಿಸುವುದು ಸರಿಯಲ್ಲವೆಂದು ರಂಜಿನಿ ಕರವಸ್ತ್ರ ತೆಗೆದು ಕಣ್ಣಿಗೆ ಒತ್ತಿಕೊಳ್ಳುತ್ತಿದ್ದಳು.

ರೋಹಿತ ಹೋಗಿ ಎರಡು ಮಳೆಗಾಲ ಕಳೆದಿತ್ತು. ಒಂದು ಜ್ವರ, ಒಂದು ವಾರ, ಅಷ್ಟೇ. ಬೆಂಗಳೂರಿನಿಂದ ಅಪ್ಪ ಅಮ್ಮ ಬಂದು ಕರೆದರು. ನೋಡೋಣ ಅಂದಳು. ಹೋಗಬೇಕೆಂದೂ ಅನ್ನಿಸಲಿಲ್ಲ, ಇರಬೇಕೆಂದೂ ಅನ್ನಿಸಲಿಲ್ಲ, ಇದ್ದಳು. ಬೆಳಿಗ್ಗೆ ಎದ್ದು ಮಗರಪಟ್ಟಾದ ಕಚೇರಿಗೆ ಹೋಗುವಳು, ಸಂಜೆ ಬಂದು ಪಾತ್ರೆ ತೊಳೆಯುವಳು, ಅತ್ತೆ ಬಡಿಸಿದ್ದನ್ನು ಉಣ್ಣುವಳು. ಮಗರಪಟ್ಟಾದಲ್ಲಿ ಅವಳು ಕೊರಳಿಗೆ ನೇತುಬಿದ್ದ ಕಾರ್ಡಿನ ಮೇಲಿನ ಒಂದು ನಂಬರು, ಖಡಕಿಯಲ್ಲಿ ಎಳೇ ವಯಸ್ಸಿನ ವಿಧವೆ. ಎರಡಕ್ಕೂ ಅವಳು ಹ್ಞೂಂ ಅನ್ನುತ್ತಿದ್ದಳು.

ಮನೆಯಲ್ಲಿ ಇನ್ನು ಮೂವರು. ಮಾವ ಸಮುವೇಲಪ್ಪ ಬೆಟಗೇರಿಯಿಂದ ಬಂದು ಇಲ್ಲಿಯ ಮದ್ದುಗುಂಡಿನ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು. ಸರಕಾರ ಅವರನ್ನು ಬಿಟ್ಟರೂ ಕಾರ್ಖಾನೆ ಬಿಟ್ಟಿರಲಿಲ್ಲ. ಕುಕ್ಕರು ಸಿಳ್ಳೆ ಹಾಕಿದರೆ ಸಾಕು, ಅಪಾಯದ ಸೈರನ್ ಕೇಳಿದವರಂತೆ ಅವರು ಬಾಗಿಲ ಹತ್ತಿರ ಇರುತ್ತಿದ್ದರು. ನಾದಿನಿ ಸಪ್ನಾ ಕಾಲೇಜಿನ ಹುಡುಗಿ, ಮನೆಯಲ್ಲಿ ಕನ್ನಡದಲ್ಲಿ ಶುರು ಮಾಡಿದ ಜಗಳವನ್ನು ಮರಾಠಿಯಲ್ಲಿ ಮುಗಿಸುವವಳು. ಅತ್ತೆ ಮಾರ್ತವ್ವ. ಆ ಮನೆಯಲ್ಲಿ ರೊಟ್ಟಿ, ಮಾತು, ಮೌನ ಮೂರೂ ಅವರ ಕೈಯಲ್ಲಿದ್ದವು.

ಭಾನುವಾರ ಚರ್ಚಿನಲ್ಲಿ ಬೆಳಿಗ್ಗೆ ಮರಾಠಿಯವರ ಆರಾಧನೆ, ಮಧ್ಯಾಹ್ನ ತಮಿಳರದು, ಇಬ್ಬರೂ ಬೆಂಚು ಬೆಚ್ಚಗೆ ಮಾಡಿ ಎದ್ದ ಮೇಲೆ ಕನ್ನಡದವರದು. ಬುಧವಾರ ಸಂಜೆ ಮನೆ ಪ್ರಾರ್ಥನೆ, ಒಂದೊಂದು ವಾರ ಒಬ್ಬೊಬ್ಬರ ಮನೆಯಲ್ಲಿ. ಮನೆ ಪ್ರಾರ್ಥನೆ ಎಂದರೆ ಕೊನೆಗೆ ಚಹಾ ಮತ್ತು ಮಿರ್ಚಿ ಭಜಿ. ಆಮೆನ್ ಎಂದು ಕಣ್ಣು ಬಿಟ್ಟಾಗ ಮುಂದೆ ಬಿಸಿ ಭಜಿ ಇರಬೇಕು. ತಣ್ಣಗಾಗಿದ್ದರೆ ಮನೆಯವಳ ಭಕ್ತಿಯ ಬಗ್ಗೆಯೇ ಮಾತು ಬರುತ್ತಿತ್ತು. ಅದಕ್ಕೆ ಸಭೆಯ ಹೆಂಗಸರೆಲ್ಲ ಸೇರಿ ಒಂದು ಲೆಕ್ಕ ಮಾಡಿಕೊಂಡಿದ್ದರು. ಹೊರಗೆ ಕಾಯಿಲೆಯವರಿಗಾಗಿ ಪ್ರಾರ್ಥನೆ ನಡೆಯುವಾಗ ಒಳಗೆ ಹಿಟ್ಟು ಕಲಸುವುದು. ಪರೀಕ್ಷೆಯ ಮಕ್ಕಳು ಬಂದಾಗ ಎಣ್ಣೆ ಒಲೆಗೆ. ರಂಜಿನಿಯ ಹೆಸರು ಕೇಳಿದ ಕೂಡಲೇ ಭಜಿ ಎಣ್ಣೆಗೆ. ಅಲ್ಲಿಂದ ದೇಶ ಆಳುವವರನ್ನು ದಾಟಿ ಆಮೆನ್ ತಲುಪುವಷ್ಟರಲ್ಲಿ ಒಂದು ಬಾಣಲೆ ಭಜಿ ಹದವಾಗಿ ಕರಿದಿರುತ್ತಿತ್ತು.

ಇದು ರಂಜಿನಿಗೆ ಗೊತ್ತಿತ್ತು. ಎಷ್ಟೋ ಬುಧವಾರ, ತನ್ನ ಹೆಸರು ಬಂದ ಮರುಗಳಿಗೆಯೇ ಅಡುಗೆಮನೆಯಿಂದ ಚೊರ್ ಎಂಬ ಸದ್ದು ಬರುವುದನ್ನು ಅವಳು ಕೇಳಿದ್ದಳು.

ಜೂನ್ ತಿಂಗಳ ಒಂದು ಭಾನುವಾರ ಪಾಸ್ಟರು ಕುರುಬನ ವಿಷಯ ಮಾತಾಡಿದರು. ಒಳ್ಳೆಯ ಕುರುಬ ಕುರಿಗಳನ್ನು ಹಿಂಡಾಗಿ ಕೂಗುವುದಿಲ್ಲ, ಒಂದೊಂದನ್ನೂ ಅದರದರ ಹೆಸರು ಹಿಡಿದು ಕರೆಯುತ್ತಾನೆ ಎಂದರು. ಊರಲ್ಲಿ ತಮ್ಮ ಅಜ್ಜ ಕುರಿ ಕಾಯುತ್ತಿದ್ದರೆಂದೂ, ಕುಂಟುವ ಕುರಿಗೆ ಕೂಡ ಕುಂಟಿ ಎಂದು ಹೆಸರಿಟ್ಟಿರಲಿಲ್ಲವೆಂದೂ, ಅದು ಚೆನ್ನಿ ಆಗಿತ್ತೆಂದೂ ಸೇರಿಸಿದರು. ಜನ ನಕ್ಕರು. ರಂಜಿನಿ ನಗಲಿಲ್ಲ, ಆದರೆ ತುಂಬ ದಿನಗಳ ಮೇಲೆ ಒಂದು ಮಾತು ಅವಳ ಕಿವಿಯೊಳಗೆ ಹೋಗಿ ಕೂತಿತು. ಸ್ವಲ್ಪ ಹೊತ್ತಿಗೆ ದಾನಿಯೇಲಪ್ಪನವರು ಎದ್ದರು. ಕಾಯಿಲೆ, ಪ್ರಯಾಣ, ಪರೀಕ್ಷೆ, ಕೆಲಸ. ನಮ್ಮ ರೋಹಿತನ ಹೆಂಡತಿ, ಎಳೇ ವಯಸ್ಸಿನ ವಿಧವೆ. ಅವಳು ಕರವಸ್ತ್ರ ತೆಗೆಯಲಿಲ್ಲ.

ಆ ಸಂಜೆ ಪಾತ್ರೆ ತೊಳೆಯುತ್ತಾ ಪ್ರಾರ್ಥನೆ ಮಾಡಿ ನೋಡಿದಳು. ರೋಹಿತ ಹೋದ ಮೇಲೆ ಬೇರೆಯವರ ಪ್ರಾರ್ಥನೆಗೆ ಆಮೆನ್ ಹೇಳುವುದಷ್ಟೇ ಅವಳ ಪಾಲಿಗೆ ಉಳಿದಿತ್ತು. "ಕರ್ತನೇ, ನಾನು ರಂಜಿನಿ" ಎಂದಳು. ಮುಂದೆ ಏನೂ ಹೊಳೆಯಲಿಲ್ಲ. ರೊಟ್ಟಿಯ ಹಂಚು ಕೈಯಲ್ಲಿ ಹಿಡಿದು ನಿಂತಳು. ಫೋನಿನಲ್ಲಿ ಆ ಕಡೆಯವರು ಏನೂ ಮಾತಾಡದಿದ್ದರೂ ಇಟ್ಟಿಲ್ಲವೆಂದು ತಿಳಿಯುತ್ತದಲ್ಲ, ಹಾಗೆ ಅನ್ನಿಸಿತು. ಅಷ್ಟು ಸಾಕೆಂದು ಹಂಚು ತೊಳೆದಿಟ್ಟಳು.

ಸಭೆಯಲ್ಲಿ ಇನ್ನೊಬ್ಬರು ವಿಧವೆ ಇದ್ದರು. ಪಂಕಜಾಕ್ಷಿ ಆಂಟಿ, ಮಂಗಳೂರಿನ ಕಡೆಯವರು, ಕೂದಲೆಲ್ಲ ಬೆಳ್ಳಗಾಗಿದ್ದರೂ ಸ್ಕೂಟರಿನಲ್ಲಿ ಓಡಾಡುವವರು. ಅವರಿಗಾಗಿ ಯಾರೂ ಪ್ರಾರ್ಥಿಸುತ್ತಿರಲಿಲ್ಲ. ಮುಂದಿನ ಭಾನುವಾರ ಗೇಟಿನ ಬಳಿ ರಂಜಿನಿ ಅವರನ್ನು ತಡೆದು, ನಿಮ್ಮ ಹೆಸರು ಹೇಗೆ ತಪ್ಪಿತು ಎಂದು ಕೇಳಿದಳು.

"ಎಂತ ತಪ್ಪುವುದು ಮಾರಾಯ್ತಿ, ನಾನೇ ತಪ್ಪಿಸಿದ್ದು," ಎಂದರು ಆಂಟಿ. "ಎರಡು ವಾರ ನನ್ನ ಹೆಸರು ಹೇಳಿದರು. ಮೂರನೇ ವಾರ ಬುಧವಾರದ ಪ್ರಾರ್ಥನೆಯಲ್ಲಿ ನಾನು ಬಾಯಿಬಿಟ್ಟೆ. ಹೆಂಡತಿಗೆ ಹೆದರುವ ಗಂಡಸರಿಗೆ ಧೈರ್ಯ ಕೊಡು ಕರ್ತನೇ, ಮುಖ್ಯವಾಗಿ ನಮ್ಮ ದಾನಿಯೇಲಪ್ಪನಿಗೆ ಅಂದೆ. ಆಮೇಲೆ ನನ್ನ ಸುದ್ದಿಗೆ ಬರಲಿಲ್ಲ."

ರಂಜಿನಿಗೆ ಅಷ್ಟು ಧೈರ್ಯವಿರಲಿಲ್ಲ. ಹೆಚ್ಚಿಗೆ ಹಾಕಿದ್ದ ಕುರ್ಚಿ ಒಂದರ ಮೇಲೊಂದು ಪೇರಿಸುತ್ತಿದ್ದ ದಾನಿಯೇಲಪ್ಪನವರ ಬಳಿ ಹೋಗಿ, ಪ್ರಾರ್ಥನೆಯಲ್ಲಿ ತನ್ನನ್ನು ವಿಧವೆ ಅನ್ನಬಾರದೆಂದು ಕೇಳಿಕೊಂಡಳು. ಅವರು ಗಾಬರಿಯಾಗಿ ಕುರ್ಚಿ ಕೆಳಗಿಟ್ಟರು.

"ಪ್ರಾರ್ಥನಾ ಬ್ಯಾಡಂದ್ರ ಹೆಂಗವಾ?"

"ಪ್ರಾರ್ಥನೆ ಬೇಡ ಅಂತಲ್ಲ ಅಂಕಲ್. ಆ ಸಾಲಿನಲ್ಲಿ ಬೇಡ."

"ಹಂಗಾದ್ರ ಯಾವ ಸಾಲಿನ್ಯಾಗ ಹಾಕ್ಲಿ? ಮೈಯಾಗ ಆರಾಮ ಇಲ್ಲೇನು?"

"ಆರಾಮಾಗಿದ್ದೀನಿ."

"ಊರಿಗೆ ಹೊಂಟೀಯೇನು?"

"ಇಲ್ಲ."

"ಪರೀಕ್ಷಾ ಏನರೆ?"

"ಇಲ್ಲ."

"ಕೆಲಸಾನೂ ಅದ." ದಾನಿಯೇಲಪ್ಪನವರು ಬೆರಳು ಮಡಿಚಿ ಸಾಲುಗಳನ್ನು ಮತ್ತೊಮ್ಮೆ ಎಣಿಸಿದರು. "ಮತ್ತ ನಿನಗ ಜಾಗಾನ ಇಲ್ಲಲ್ಲವಾ."

ರಂಜಿನಿ, ಹಾಗಿದ್ದರೆ ಬಿಟ್ಟುಬಿಡಿ ಎಂದಳು. ಮನೆಯಲ್ಲಿ ಹೇಳಿದ್ದೀಯೇನು ಎಂದು ಅವರು ಕೇಳಲಿಲ್ಲ, ಇವಳು ಹೇಳಲೂ ಇಲ್ಲ.

ಆ ಬುಧವಾರ ಪ್ರಾರ್ಥನೆ ರಂಜಿನಿಯ ಮನೆಯಲ್ಲೇ ಇತ್ತು. ಮಾರ್ತವ್ವ ಬೆಳಿಗ್ಗೆಯೇ ಮೆಣಸಿನಕಾಯಿ ಸೀಳಿ, ಉಪ್ಪು ಜೀರಿಗೆ ತುಂಬಿ, ಬುಟ್ಟಿಯಲ್ಲಿ ಸಾಲಾಗಿ ಮಲಗಿಸಿದ್ದರು. ಜನ ಬಂದರು, ಕೀರ್ತನೆ ಮುಗಿಯಿತು, ದಾನಿಯೇಲಪ್ಪನವರು ಶುರು ಮಾಡಿದರು. ಪರೀಕ್ಷೆಯ ಮಕ್ಕಳು ಬಂದಾಗ ಮಾರ್ತವ್ವ ಎಣ್ಣೆ ಇಟ್ಟರು. ಕೆಲಸ ಹುಡುಕುವವರೂ ಬಂದರು. ಆಮೇಲೆ ಒಂದು ಕೆಮ್ಮು ಬಂತು. ಹಿಟ್ಟಿನಲ್ಲಿ ಅದ್ದಿದ ಮೆಣಸಿನಕಾಯಿಯನ್ನು ಬಾಲ ಹಿಡಿದು ಎತ್ತಿಕೊಂಡು ಮಾರ್ತವ್ವ ಹೆಸರಿಗಾಗಿ ಕಾಯುತ್ತ ನಿಂತರು. ಎಣ್ಣೆ ಹೊಗೆಯಾಡತೊಡಗಿತು. ಈ ಮನುಷ್ಯ ಇವತ್ತು ಕೆಲಸ ಹುಡುಕುವವರನ್ನೇ ಹಿಡಿದು ಕೂತಿದ್ದಾನೆ ಎಂದುಕೊಂಡು ಅವರು ಬಾಗಿಲಿಗೆ ಕಿವಿಗೊಟ್ಟಾಗ ಕೇಳಿಸಿದ್ದು ಆಮೆನ್.

ಇದ್ದಬದ್ದ ಭಜಿಯನ್ನೆಲ್ಲ ಒಂದೇ ಸಲ ಎಣ್ಣೆಗೆ ಬಿಟ್ಟರು. ಹೊರಗೆ ಕರಿ, ಒಳಗೆ ಹಸಿ. ಹೊಗೆ ನಡುಮನೆಗೆ ಬಂದದ್ದೇ ಸಮುವೇಲಪ್ಪ ಎದ್ದು ಕಿಟಕಿಗಳನ್ನೆಲ್ಲ ತೆರೆದು, ಯಾರೂ ಓಡಬ್ಯಾಡ್ರಿ, ಸಾಲಾಗಿ ಮೆಟ್ಟಲಾ ಇಳೀರಿ ಎಂದು ಅಪ್ಪಣೆ ಕೊಟ್ಟರು. ಅರ್ಧ ಸಭೆ ನಿಜವಾಗಿಯೂ ಇಳಿದುಹೋಯಿತು. ಕೆಳಗೆ ಹೋದವರಲ್ಲಿ ಕೆಲವರು ಹೇಗೂ ಇಳಿದಿದ್ದೇವೆಂದು ಮನೆಗೇ ಹೋದರು.

ಎಲ್ಲರೂ ಹೋದ ಮೇಲೆ ಮಾರ್ತವ್ವ ಕರಕಲು ಭಜಿಯ ತಟ್ಟೆ ತಂದು ಮನೆಯವರ ನಡುವೆ ಇಟ್ಟರು.

"ದಾನಿಯೇಲಪ್ಪ ಹೆಸರು ಮರಿಯೂ ಮನಿಷಾ ಅಲ್ಲ. ಬಿಡು ಅಂತ ಅಂವಗ ಯಾರು ಹೇಳಿದ್ರು?"

"ನಾನೇ ಅತ್ತೆ."

"ಯಾಕ? ಪ್ರಾರ್ಥನಾ ಚುಚ್ಚತಿತ್ತೇನು?"

"ವಾರಕ್ಕೆ ಎರಡು ಸಲ ಎಲ್ಲರ ಮುಂದೆ ವಿಧವೆ ಅನ್ನಿಸಿಕೊಳ್ಳೋದು ಬೇಡ ಅನ್ನಿಸ್ತು."

"ಇದ್ದದ್ದು ಅಂದ್ರ ಏನಾತು?"

"ನಾನು ಅಷ್ಟೇ ಅಲ್ಲ ಅತ್ತೆ. ಬೇರೆ ಎಲ್ಲಾದರೂ ಇರಲಿ, ದೇವರ ಮುಂದೆ ಅಷ್ಟೇ ಅಲ್ಲ."

ಅತ್ತಿಗೆಯ ಪಕ್ಷ ಹಿಡಿದು ಸಪ್ನಾ, ವೈನಿ ಹೇಳೋದು ಬರೋಬರ್ ಇದೆ ಎಂದು ಮರಾಠಿಯಲ್ಲಿ ಹೇಳಿದಳು. ಈ ಮನೆಯಲ್ಲಿ ಬರೋಬರ್ ಯಾವುದೆಂದು ಹೇಳುವವಳು ತಾನು ಎಂದು ಮಾರ್ತವ್ವ ಕನ್ನಡದಲ್ಲಿ ಹೇಳಿದರು. ಜಗಳ ತಣಿಸಲು ಸಮುವೇಲಪ್ಪ ಒಂದು ಭಜಿ ತೆಗೆದು ಕಚ್ಚಿ, ಅಷ್ಟೇನೂ ಕೆಟ್ಟಿಲ್ಲ ಎಂದು, ನುಂಗಲಾರದೆ ನೀರು ಕುಡಿದರು.

ಮಾರ್ತವ್ವ ಸೆರಗಿನಿಂದ ಮುಖದ ಬೆವರು ಒರೆಸಿಕೊಂಡರು. ಆಮೇಲೆ ಮಾತಾಡಿದಾಗ ದನಿಯಲ್ಲಿ ಜಗಳವಿರಲಿಲ್ಲ.

"ನಿನ್ನ ಹೆಸರು ಬಿಟ್ಟಿದ್ದಕ್ಕ ನಾ ಸಿಟ್ಟಿಗೇಳಲಿಲ್ಲ. ಆ ಮಾತಿನ್ಯಾಗ ಮೊದಲ ಅವನ ಹೆಸರು ಬರ್ತಿತ್ತು. ಸತ್ತವರ ಸಲುವಾಗಿ ನಮ್ಮ ಸಭಾದಾಗ ಪ್ರಾರ್ಥನಾ ಮಾಡಂಗಿಲ್ಲ. ಅದಕ್ಕ ನಿನ್ನ ಬೆನ್ನಿಗೆ ಕಟ್ಟಿ ನನ್ನ ಮಗನ ಹೆಸರು ವಾರಾ ವಾರಾ ಚರ್ಚಿಗೆ ಕಳಸ್ತಿದ್ದೆ. ಈಗ ಅದೂ ಹೋತು."

ರಂಜಿನಿ ಕರಕಲು ಭಜಿಯ ತಟ್ಟೆ ಎತ್ತಿಕೊಂಡು ಒಳಗೆ ಹೋದಳು. ಶುರು ಮಾಡಿದ ಜಗಳವನ್ನು ಸಪ್ನಾ ಆ ದಿನ ಯಾವ ಭಾಷೆಯಲ್ಲೂ ಮುಗಿಸಲಿಲ್ಲ.

ಮರುದಿನದಿಂದ ಮಾರ್ತವ್ವ ಸೊಸೆಯ ಜೊತೆ ಮಾತು ಬಿಟ್ಟರು. ಊಟ ಬಿಡಲಿಲ್ಲ, ಅವಳ ಡಬ್ಬಿಗೆ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ ಎಂದಿನಂತೆ ಬೀಳುತ್ತಿದ್ದವು. ಮಾತು ಮಾತ್ರ ಸಪ್ನಾಳ ಮೂಲಕ. "ಸಪ್ನಾ, ನಿಮ್ಮ ವೈನಿಗೆ ಉಪ್ಪಿನ ಡಬ್ಬಿ ಕೊಡು ಅನ್ನು." ವೈನಿ ಪಕ್ಕದಲ್ಲೇ ಇರುತ್ತಿದ್ದಳು, ಉಪ್ಪಿನ ಡಬ್ಬಿ ಅವಳ ಕೈಯಲ್ಲೇ ಇರುತ್ತಿತ್ತು. ಒಂದು ದಿನ ಸಪ್ನಾ ಕಾಲೇಜಿಗೆ ಹೋಗಿದ್ದಾಗ ಹಾಲು ಉಕ್ಕುವುದರಲ್ಲಿತ್ತು. ಮಾರ್ತವ್ವ ಗೋಡೆಯ ಕ್ಯಾಲೆಂಡರಿನ ಕಡೆ ತಿರುಗಿ, ಹಾಲು ಉಕ್ಕಾಕತ್ತದ ಎಂದು ಅದಕ್ಕೆ ತಿಳಿಸಿದರು. ರಂಜಿನಿ ಒಲೆ ಆರಿಸಿದಳು.

ಸಮುವೇಲಪ್ಪ ಇದನ್ನು ಪಾಸ್ಟರವರೆಗೂ ಒಯ್ದರು. ಮೇಲಿನವರಿಗೆ ವರದಿ ಮಾಡದೆ ಅವರಿಗೆ ಸಮಾಧಾನವಿಲ್ಲ. ತಿರುಗಿ ಬಂದು, ಸತ್ತವರಿಗಾಗಿ ಕೇಳಿಕೊಳ್ಳುವ ಪದ್ಧತಿ ನಮ್ಮಲ್ಲಿ ಇಲ್ಲವೇ ಇಲ್ಲವಂತೆ, ಅವನು ಕರ್ತನ ಬಳಿ ಇದ್ದಾನೆ, ಅವನಿಗೆ ಬೇಕಾದ್ದೆಲ್ಲ ಅಲ್ಲೇ ಸಿಗುತ್ತದಂತೆ ಎಂದು ಊಟದ ಹೊತ್ತಿಗೆ ಹೇಳಿದರು.

"ಬೇಕಾದ್ದು ಸಿಗತದ ಅಂತ ನನಗೂ ಗೊತ್ತದ," ಎಂದರು ಮಾರ್ತವ್ವ. "ನಾ ಏನು ಅವಂಗ ಡಬ್ಬಿ ಕಳಸಾಕ ಕೇಳೀನೇನು? ಹೆಸರಷ್ಟ ಹೇಳ್ರಿ ಅಂದೆ."

ಚರ್ಚಿನಲ್ಲಿ ದಾನಿಯೇಲಪ್ಪನವರು ವಿಧವೆಯರ ಜಾಗಕ್ಕೆ ಬಂದಾಗಲೆಲ್ಲ ಕೆಮ್ಮಿ ಮುಂದೆ ಹೋಗುತ್ತಿದ್ದರು. ಮುಂದಿನ ಬೆಂಚಿನವರು ಆ ಕೆಮ್ಮಿಗೂ ಹಿಂದಿರುಗಿ ನೋಡುತ್ತಿದ್ದರು. ರಂಜಿನಿ ದಿನವೂ ಪಾತ್ರೆ ತೊಳೆಯುವಾಗ "ಕರ್ತನೇ, ನಾನು ರಂಜಿನಿ" ಎನ್ನುವುದನ್ನು ಬಿಟ್ಟಿರಲಿಲ್ಲ. ಒಂದು ಸಂಜೆ ಅದರ ಮುಂದೆ ಇನ್ನೊಂದು ಮಾತು ತಾನಾಗಿ ಬಂತು: ಅತ್ತೆಗೆ ನಾನು ಏನು ಮಾಡಲಿ. ಆ ಕಡೆಯಿಂದ ಉತ್ತರ ಬರಲಿಲ್ಲ. ಆದರೆ ಕೇಳುವುದಕ್ಕೆ ತನ್ನದೇ ಒಂದು ಮಾತು ಇದ್ದದ್ದು ಅವಳಿಗೆ ಆಶ್ಚರ್ಯವಾಯಿತು.

ಜುಲೈ ಕೊನೆಯಲ್ಲಿ ಮಳೆ ಹಿಡಿಯಿತು. ಆ ಬುಧವಾರ ಪ್ರಾರ್ಥನೆ ಪ್ರೇಮಾವತಿಯವರ ಮನೆಯಲ್ಲಿ ಆಗಬೇಕಿತ್ತು. ಅವರ ಮನೆ ತಗ್ಗಿನ ಓಣಿಯಲ್ಲಿ. ಮಧ್ಯಾಹ್ನದ ಹೊತ್ತಿಗೆ ನೀರು ಹೊಸ್ತಿಲು ದಾಟಿತು. ಯಾರೋ ಸಮುವೇಲಪ್ಪನವರ ಮನೆಗೆ ಹೋಗೋಣ ಎಂದರು. ರಂಜಿನಿ ಕಚೇರಿಯಿಂದ ನೆನೆದುಕೊಂಡು ಬಂದಾಗ ಬಾಗಿಲ ಮುಂದೆ ಕೊಡೆಗಳ ರಾಶಿ, ಒಳಗೆ ಒದ್ದೆ ಸಭೆ. ಪ್ರೇಮಾವತಿ ಎರಡು ಉಪ್ಪಿನಕಾಯಿ ಜಾಡಿಗಳನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ನೀರು ಬಂದಾಗ ಅವರು ಮೊದಲು ಎತ್ತಿಕೊಂಡದ್ದು ಅವನ್ನೇ.

ಬರದೆ ಉಳಿದವರು ದಾನಿಯೇಲಪ್ಪನವರು. ರೈಲು ಹಳಿಯ ಕೆಳಗಿನ ದಾರಿಯಲ್ಲಿ ನೀರು ತುಂಬಿದೆ, ನಾನು ಈ ಕಡೆ ಸಿಕ್ಕಿಕೊಂಡೆ, ನೀವೇ ನಡೆಸಿರಿ ಎಂದು ಫೋನು ಮಾಡಿದರು. ಎಲ್ಲರೂ ಮನೆಯ ಯಜಮಾನನ ಮುಖ ನೋಡಿದರು. ಸಮುವೇಲಪ್ಪನಿಗೆ ಊಟದ ಪ್ರಾರ್ಥನೆ ಒಂದೇ ಬರುತ್ತಿತ್ತು. ಅವರು ಅದನ್ನೇ ಸ್ವಲ್ಪ ಉದ್ದ ಮಾಡಲೇ ಎಂದು ಕೇಳಿದರು.

"ನಾನು ಮಾಡ್ತೀನಿ," ಎಂದಳು ರಂಜಿನಿ.

ಅಡುಗೆಮನೆಯಿಂದ ಮಾರ್ತವ್ವನ ದನಿ ಬಂತು. "ಸಪ್ನಾ, ಬರ್ತದೇನು ಕೇಳು."

"ಬರಲ್ಲ ಅತ್ತೆ. ಆದರೂ ಮಾಡ್ತೀನಿ."

ಎಲ್ಲರೂ ಕಣ್ಣು ಮುಚ್ಚಿದರು. "ಕರ್ತನೇ, ನಾನು ರಂಜಿನಿ," ಎಂದಳು. ನಿಂತಳು. ಮುಗಿಯಿತೆಂದು ತಿಳಿದು ಸಮುವೇಲಪ್ಪ ಆಮೆನ್ ಎಂದರು. ಇನ್ನೂ ಇದೆ ಮಾವ ಎಂದು ಅವಳು ಮೆಲ್ಲಗೆ ಹೇಳಿದಳು.

ದಾನಿಯೇಲಪ್ಪನವರ ಕ್ರಮ ಅವಳಿಗೆ ಬಾಯಿಪಾಠವಿತ್ತು, ಆದರೆ ಅದು ಬೇಡವೆನಿಸಿತು. ಕಣ್ಣು ತೆರೆದು ಎದುರಿಗಿದ್ದವರನ್ನು ಒಬ್ಬೊಬ್ಬರನ್ನಾಗಿ ನೋಡುತ್ತ ಹೋದಳು. ಪ್ರೇಮಾವತಿಯವರ ಹಾಸಿಗೆ ಒಣಗಲಿ, ಉಪ್ಪಿನಕಾಯಿ ಉಳಿದದ್ದಕ್ಕೆ ಸ್ತೋತ್ರ. ಪಂಕಜಾಕ್ಷಿ ಆಂಟಿಯ ಸ್ಕೂಟರಿನ ಮುಂದೆ ಯಾರೂ ಅಡ್ಡ ಬಾರದಿರಲಿ. ಸಪ್ನಾ ಯಾರ ಜೊತೆ ಫೋನಿನಲ್ಲಿ ಮಾತಾಡುತ್ತಾಳೋ ಆ ಹುಡುಗ ಒಳ್ಳೆಯವನಾಗಿರಲಿ. ಸಪ್ನಾ ಒಂದು ಕಣ್ಣು ಬಿಟ್ಟಳು. ಸಮುವೇಲಪ್ಪ ಎರಡೂ ಬಿಟ್ಟರು.

"ಇನ್ನೊಂದಿದೆ ಕರ್ತನೇ. ಇದು ಕೇಳಿಕೊಳ್ಳೋದಲ್ಲ, ಕೊಟ್ಟದ್ದಕ್ಕೆ ಬರೀ ಸ್ತೋತ್ರ. ರೋಹಿತನಿಗಾಗಿ ಸ್ತೋತ್ರ."

ಒಳಗೆ ಹಿಟ್ಟು ಕಲಸುವ ಸದ್ದು ನಿಂತಿತು.

"ನಾಲ್ಕು ವರ್ಷ ನನ್ನ ಜೊತೆ ಇದ್ದ. ಒಂದು ದಿನವೂ ಒದ್ದೆ ಟವೆಲು ಹಗ್ಗದ ಮೇಲೆ ಹಾಕಲಿಲ್ಲ. ಆದರೂ ಸ್ತೋತ್ರ."

"ಸಣ್ಣಂವ ಇದ್ದಾಗಿಂದ ಹಂಗ," ಎಂಬ ಮಾತು ಅಡುಗೆಮನೆಯ ಬಾಗಿಲಿನಿಂದ ಬಂತು. ಮಾರ್ತವ್ವ ಹಿಟ್ಟಿನ ಕೈಯಲ್ಲೇ ಅಲ್ಲಿ ಬಂದು ನಿಂತಿದ್ದರು.

"ಹಾಡೋಕೆ ಬರ್ತಿರಲಿಲ್ಲ. ಜೋರಾಗಿ ಹಾಡ್ತಿದ್ದ."

"ಅವರಪ್ಪನ ದನಿ."

"ಕೊತ್ತಂಬರಿ ತಾ ಅಂದರೆ ಮೆಂತ್ಯ ತರ್ತಿದ್ದ."

"ಅದು ನೀ ಹೇಳೂದು ಬರೋಬರಿ ಇರಲಿಲ್ಲ. ನಾ ಹೇಳಿದ್ರ ಅಂವ ಕೊತ್ತಂಬರೀನ ತರ್ತಿದ್ದ."

"ನೀವು ಹೇಳಿದಾಗ ಕೂಡ ಮೆಂತ್ಯ ತಂದಿದ್ದ ಅತ್ತೆ. ನೀವು ಮೆಂತ್ಯದ ಪಲ್ಯ ಮಾಡಿ, ಇದೇ ಬೇಕಿತ್ತು ಅಂದಿರಿ."

ಮಾರ್ತವ್ವ ಉತ್ತರಕ್ಕೆ ಬಾಯಿ ತೆರೆದರು. ಕರ್ತನಿಗೆ ಎರಡೂ ಗೊತ್ತುಂಟು, ಮುಂದೆ ಹೋಗಿ ಎಂದು ಪಂಕಜಾಕ್ಷಿ ಆಂಟಿ ಕಣ್ಣು ಮುಚ್ಚಿಕೊಂಡೇ ಹೇಳಿದರು.

ಆದರೆ ರಂಜಿನಿಗೆ ಮುಂದೆ ಹೋಗಲಾಗಲಿಲ್ಲ. ಕರವಸ್ತ್ರ ಹುಡುಕಿದಳು, ಈ ಸಲ ಅದು ನಿಜವಾಗಿಯೂ ಬೇಕಾಗಿತ್ತು. ಮಾರ್ತವ್ವ ಬಂದು ಅವಳ ಪಕ್ಕದಲ್ಲಿ ನೆಲದ ಮೇಲೆ ಕೂತು, ಮೊಣಕೈಯಿಂದಲೇ ಸೆರಗು ತಲೆಯ ಮೇಲೆ ಎಳೆದುಕೊಂಡರು.

"ಕರ್ತನ, ನಾ ಮಾರ್ತವ್ವ," ಎಂದರು. "ಅಂವನ್ನ ಕೊಟ್ಟಿದ್ದಕ್ಕ ಸ್ತೋತ್ರ. ತಗೊಂಡಿದ್ದಕ್ಕ ನಾ ಇನ್ನಾ ಸ್ತೋತ್ರ ಅನ್ನಂಗಿಲ್ಲ, ಸಿಟ್ಟಾಗಬ್ಯಾಡ. ಈಗ ಈ ಹುಡುಗಿ ಅದಾಳ, ರಂಜಿನಿ. ಇಷ್ಟ ದಿನಾ ಆಕಿಗೆ ಏನ್ ಬೇಕಂತ ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ." 

ಹೊರಳಿ ಸೊಸೆಯನ್ನು ನೋಡಿದರು. "ಏನ್ ಬೇಕವಾ ನಿನಗ?"

ಸಪ್ನಾಳ ಮೂಲಕ ಅಲ್ಲ, ನೇರವಾಗಿ. ಇಡೀ ಸಭೆ ಕಣ್ಣು ಮುಚ್ಚಿಕೊಂಡು ಕಾಯಿತು.

"ಗೊತ್ತಾಗ್ತಿಲ್ಲ ಅತ್ತೆ."

ಮಾರ್ತವ್ವ ಮತ್ತೆ ಕಣ್ಣು ಮುಚ್ಚಿದರು. "ಆಕಿಗೇ ಗೊತ್ತಿಲ್ಲಂತ ಕರ್ತನ. ನಿನಗ ಗೊತ್ತಿದ್ರ ತಡಾ ಮಾಡಬ್ಯಾಡ. ಆಮೆನ್."

ಅವತ್ತು ಭಜಿ ಆಗುವುದಕ್ಕೆ ಬಹಳ ಹೊತ್ತು ಹಿಡಿಯಿತು. ಮೆಂತ್ಯ ಕೊತ್ತಂಬರಿಯ ವಾದ ಅಡುಗೆಮನೆಯಲ್ಲಿ ಮುಂದುವರಿದಿತ್ತು, ಎಲ್ಲರೂ ಅದನ್ನು ಕೇಳುತ್ತ ಕೂತಿದ್ದರು. ಸಮುವೇಲಪ್ಪ ಮಾತ್ರ ಸಪ್ನಾಳ ಪಕ್ಕಕ್ಕೆ ಸರಿದು, ಆ ಹುಡುಗ ಯಾವ ಇಲಾಖೆಯಲ್ಲಿದ್ದಾನೆ ಎಂದು ವಿಚಾರಿಸಿದರು.

ನಡೆದದ್ದೆಲ್ಲ ಭಾನುವಾರದೊಳಗೆ ದಾನಿಯೇಲಪ್ಪನವರ ಕಿವಿಗೆ ಹಲವು ಬಾಯಿಗಳಿಂದ ಬಿದ್ದಿತು. ಅವರು ರಂಜಿನಿಯನ್ನು ಪಕ್ಕಕ್ಕೆ ಕರೆದು, ತಮ್ಮ ಪ್ರಾರ್ಥನೆಯೆಲ್ಲ ಬರೀ ಕೇಳುವುದೇ ಆಗಿದೆ, ಅದರಲ್ಲಿ ಸ್ತೋತ್ರದ ಭಾಗವೇ ಇರಲಿಲ್ಲ, ಇನ್ನು ಮುಂದೆ ಅದನ್ನು ನೀನೇ ಮಾಡಬೇಕು ಎಂದರು. ಅಂದು ನಾಲ್ಕೈದು ಹೆಂಗಸರು ಅವಳ ಹತ್ತಿರ ಬಂದು ತಮ್ಮವರ ಹೆಸರು ಪಿಸುಗುಟ್ಟಿ ಹೋದರು. ತೀರಿಕೊಂಡ ತಾಯಿ, ತಮ್ಮ, ಹುಟ್ಟಿ ಮೂರು ದಿನ ಇದ್ದ ಮಗು. ಪಂಕಜಾಕ್ಷಿ ಆಂಟಿ ಕೂಡ ಬಂದು ಗಂಡನ ಹೆಸರು ಹೇಳಿ, ಹೆಚ್ಚು ಹೊಗಳುವುದು ಬೇಡ, ಅವರಿಗೆ ಆಗುವುದಿಲ್ಲ ಎಂದರು.

ಕೀರ್ತನೆ ಮುಗಿಯಿತು. ದಾನಿಯೇಲಪ್ಪನವರು ಎದ್ದು ನಿಂತರು.

"ಈಗ ಸ್ತೋತ್ರದ ಪ್ರಾರ್ಥನಾ ಮಾಡಾಕ ನಮ್ಮ…" ಎಂದವರು ಅಲ್ಲೇ ನಿಂತರು. ಎಷ್ಟೋ ವರ್ಷಗಳ ಅಭ್ಯಾಸದಿಂದ ಬಾಯಿ ಮುಂದಿನ ಮಾತುಗಳಿಗಾಗಿ ತೆರೆದುಕೊಂಡಿತ್ತು, ಅವು ಯಾವುವೂ ಇಲ್ಲಿಗೆ ಹೊಂದುತ್ತಿರಲಿಲ್ಲ. ಜನ ಕಾದರು.

"ರಂಜಿನಿ," ಎಂದರು ಮಾರ್ತವ್ವ, ಹಿಂದಿನ ಬೆಂಚಿನಿಂದ. "ಅಷ್ಟ ಸಾಕು."

ಅವಳು ಎದ್ದು ಮುಂದೆ ಹೋದಳು.